ಇಪ್ಪತ್ಮೂರನೆಯ ಚೌಕ

ಮೇವಿಸ್ ಒಡ್ಲಿಂಗ್ ಬಿಟ್ಟುಹೋದದ್ದು ನಲವತ್ತೊಂದು ಡಬ್ಬಿ.
ಬಿಸ್ಕತ್ತಿನವು, ಚಹಾದವು, ಒಂದು ಮಾತ್ರ ಬೂಟಿನದು.
ಗ್ರಿಮ್ಸ್‌ಬಿ ಗ್ರಂಥಾಲಯದ ನೆಲಮಾಳಿಗೆಯಲ್ಲಿ
ಅವನ್ನು ಬಿಚ್ಚಿ ಪಟ್ಟಿ ಮಾಡುವುದು ನನ್ನ ಕೆಲಸ.
ವಾರಕ್ಕೆ ಮೂರು ದಿನ, ಹತ್ತಿಯ ಕೈಗವಸು, ಗಂಟೆಯ ಲೆಕ್ಕದ ಕೂಲಿ.

ಮುಚ್ಚಳ ತೆಗೆದರೆ ಹುಳಿ ಮೂಗಿಗೆ ಅಡರುತ್ತದೆ.
ಹಳೆಯ ಫಿಲ್ಮು ಸಾಯುವಾಗ ವಿನೆಗರ್ ಆಗುತ್ತದಂತೆ.
ರಸ್ತೆಯಾಚೆ ಮೀನು ಕರಿಯುವ ಅಂಗಡಿಯಲ್ಲೂ ಅದೇ ವಾಸನೆ;
ಊಟದ ಬಿಡುವಿನಲ್ಲಿ ಬೆರಳು ಮೂಸಿಕೊಂಡರೆ
ಯಾವುದು ಯಾವುದರದೋ ತಿಳಿಯುವುದಿಲ್ಲ.

ಬೆಳಕಿನ ಮೇಜಿನ ಮೇಲೆ ಹರವಿದಾಗ ಎಲ್ಲ ತಿರುವುಮುರುವು:
ಮುದುಕರಿಗೆ ಕರಿಗೂದಲು,
ಕಡಲು ಹಾಲು, ಹಗಲು ಮಸಿ,
ಐಸು ಒಡೆಯುವವರು ಇದ್ದಿಲು ಒಡೆಯುತ್ತಿದ್ದಾರೆ,
ಊರಿನ ಬಿಳಿಯರೆಲ್ಲ ನನಗಿಂತ ಕಪ್ಪು.
(ಇದನ್ನು ಪಟ್ಟಿಯಲ್ಲಿ ಬರೆಯುವಂತಿಲ್ಲ.)

ಹಗಲು ಮೀನುಕಟ್ಟೆಯಲ್ಲಿ ಗುಮಾಸ್ತೆ,
ನಸುಕಿಗೂ ಸಂಜೆಗೂ ಕೊರಳಲ್ಲಿ ಕ್ಯಾಮೆರಾ.
ಅವಳ ನೋಟುಪುಸ್ತಕದಲ್ಲಿ ‘ಕಾರ್ಮಿಕ’ ಎಂಬ ಪದವಿಲ್ಲ.
‘ಎರಿಕ್ ಡ್ರೂರಿ. ಎಡಗೈಯ ಎರಡು ಬೆರಳು ವಿಂಚಿನ ಪಾಲು. ಪ್ರತಿ ಕೊಟ್ಟಾಗಿದೆ.’
‘ಬಲೆ ಹೆಣೆಯುವ ಐವಿ. ನಗುವಾಗ ಬಾಯಿಗೆ ಕೈ. ಪ್ರತಿ ಕೊಟ್ಟಾಗಿದೆ.’
ತೆಗೆದುಕೊಂಡದ್ದನ್ನೆಲ್ಲ ತಿರುಗಿಸಿದ ಲೆಕ್ಕ,
ಸಾಲ ಉಳಿಸಿಕೊಳ್ಳದ ಹೆಂಗಸು.

ಲಂಡನ್ನಿನ ಪತ್ರಿಕೆಯೊಂದರ ಕಾಗದವೂ ಇದೆ:
‘ದೋಣಿ ಸಾಕು. ಹೆಂಡಂದಿರ ಮುಖ ಕಳಿಸಿ.’
ಅದರ ಬೆನ್ನಿಗೆ ಅವಳ ಅಕ್ಷರ:
ಈರುಳ್ಳಿ, ಫಿಕ್ಸರ್, ಸ್ಟಾಂಪು ನಾಲ್ಕು.

ಎಪ್ಪತ್ತೊಂದರ ಜನವರಿ. ‘ಎಲ್ಸಾ ಮೇ’ ಮರಳಲಿಲ್ಲ.
ಇಪ್ಪತ್ತೆರಡನೆಯ ಚೌಕದಲ್ಲಿ ಒಲೆ, ಒಲೆಯ ಮೇಲೆ ಕೆಟಲ್.
ಇಪ್ಪತ್ನಾಲ್ಕರಲ್ಲಿ ಹೊರಗಿನ ಗೇಟು, ಅರೆತೆರೆದು.
ನಡುವಿನದು ಗಾಜಿನಷ್ಟು ಖಾಲಿ.
ಬೆಳಕು ತಾಕಿಲ್ಲ. ನಾನು ಬರೆದೆ: ‘ದೋಷ.’

ಗುರುವಾರ ಬಂದವಳು ಗ್ಲೆನಿಸ್ ಸ್ಟಾಂಪ್,
ಕೈಯಲ್ಲಿ ಊರುಗೋಲು, ಕೋಟಿನ ತುಂಬ ತುಂತುರು.
ಪಟ್ಟಿಯನ್ನು ಎತ್ತಿ ಹಿಡಿದು, ‘ನಮ್ಮ ಕೆಟಲ್ಲು’ ಎಂದಳು.

‘ಅಮ್ಮನೇ ಹೇಳಿದ್ದು. ತೆಗಿ ಮೇವಿಸ್, ಎಲ್ಲರೂ ನೋಡಲಿ ಅಂತ.
ತಲೆ ಬಾಚಿಕೊಂಡಳು. ಕೂತಳು. ಕ್ಲಿಕ್ ಅಂದದ್ದು ನಾನೂ ಕೇಳಿದೆ.
ನನಗೆ ಒಂಬತ್ತು, ಮೇಜಿನ ಕೆಳಗಿದ್ದೆ,
ಕೆಳಗಿನಿಂದ ಎಲ್ಲ ಕಾಣುತ್ತೆ.
ಲೆನ್ಸಿಗೆ ಮುಚ್ಚಳ ಹಾಕಿಯೇ ಇತ್ತು.’

ಬೇಕೆಂದೇ?
‘ಆ ಥರದ ಕ್ಯಾಮೆರಾದಲ್ಲಿ ಮುಚ್ಚಳ ಮರೆತರೂ ಗೊತ್ತಾಗದು,
ಕಣ್ಣಿಗೆ ಬೇರೆ ಕಿಂಡಿ, ಲೆನ್ಸಿಗೆ ಬೇರೆ.
ಅವಳ ಕೈ ನಡುಗುತ್ತಿತ್ತು. ನಿಜ ಹೇಳಬೇಕೆಂದರೆ
ಅಮ್ಮನ ಕೈ ನಡುಗುತ್ತಿರಲಿಲ್ಲ.
ಪೇಪರಿನಲ್ಲಿ ಬಂದೀತೆಂದು ತಿಂಗಳುಗಟ್ಟಲೆ ಕೊಂಡಳು.
ಮಾನ ಕಾಯ್ದಳೋ, ಮಾತು ತಪ್ಪಿದಳೋ.
ಕೇಳೋಣವೆಂದರೆ ಇಬ್ಬರೂ ಇಲ್ಲ.’

ನೋಟುಪುಸ್ತಕ ತೆಗೆದು ನೋಡಿದೆ.
ಇಪ್ಪತ್ಮೂರು. ಹೆಸರಿದೆ: ಮಿಸೆಸ್ ರೀಟಾ ಸ್ಟಾಂಪ್.
ಮುಂದೆ, ಆ ಪುಸ್ತಕದಲ್ಲೆಲ್ಲ ಒಂದೇ ಒಂದು ಸಲ:
‘ಪ್ರತಿ ಬಾಕಿ.’

‘ಮುದ್ರಿಸಿ ಕೊಡಿ’ ಎಂದಳು ಗ್ಲೆನಿಸ್.
ಏನನ್ನು?
‘ಇರುವುದನ್ನು. ದೊಡ್ಡದಾಗಿ.’
ನಾಲ್ಕು ಪೌಂಡು. ಚಿಲ್ಲರೆ ಎಣಿಸಿಟ್ಟಳು.

ಬಂದದ್ದು ಬರೀ ಕಪ್ಪು, ಹೊಳೆಯುವ ಕಾಗದ.
ಅವಳು ಎರಡೂ ಕೈಯಲ್ಲಿ ಹಿಡಿದಾಗ ಅದರೊಳಗೆ
ಟ್ಯೂಬ್‌ಲೈಟು ಮೂಡಿತು, ಕೆಳಗೊಂದು ಮುದಿ ಗಲ್ಲ,
ತಲೆ ಬಾಚಿಕೊಂಡ ಒಬ್ಬ ಹೆಂಗಸು.
ತಾಯಿಯ ಹೋಲಿಕೆ ಇತ್ತೋ ಇಲ್ಲವೋ
ನಾನು ಹೇಗೆ ಹೇಳಲಿ.

ಅವಳು ಹೋದಮೇಲೆ ‘ದೋಷ’ವನ್ನು ಹೊಡೆದುಹಾಕಿದೆ.
ಆ ಜಾಗ ಹಾಗೇ ಇದೆ.
ಬೂಟಿನ ಡಬ್ಬಿ ಇನ್ನೂ ತೆಗೆದಿಲ್ಲ.