ನಾಲ್ಕು ದಿಂಬು

ಮಾರ್ ದೆಲ್ ಪ್ಲಾತಾದ ಕಡಲಂಚಿನ ಹೋಟೆಲು,
ಅದರ ನೆಲಮಾಳಿಗೆಯಲ್ಲಿ ನಾನು, ಹದಿನೇಳು ವರ್ಷ.
ಆರು ಯಂತ್ರ, ಒಂದು ಇಸ್ತ್ರಿ ಮೇಜು,
ತಲೆಯ ಮೇಲೆ ರಸ್ತೆಯ ಮಟ್ಟಕ್ಕೊಂದು ಕಿಟಕಿ.
ಅದರಿಂದ ಲೋಕವೆಂದರೆ ಕಾಲು ಮಾತ್ರ.

ಆ ಮಂಗಳವಾರ ಕಿಟಕಿ ತುಂಬ ಬೂಟು.
ಕ್ಯಾಮೆರಾದವರ ಬೂಟು, ಮೈಕಿನವರ ಬೂಟು,
ಶಾಲೆ ತಪ್ಪಿಸಿ ಬಂದ ಹುಡುಗಿಯರ ಮರಳು ಮೆತ್ತಿದ ಬೂಟು,
ನಡುವೆ ಒಂದು ಜೊತೆ ಮನೆಚಪ್ಪಲಿ:
ನಮ್ಮ ಬೀದಿಯ ಹೆರ್ಮೀನಿಯಾಳದು,
ಮಂಡಿನೋವೆಂದು ಚರ್ಚಿಗೂ ಹೋಗದವಳು.

ನಾಲ್ಕನೆಯ ಮಹಡಿಯಲ್ಲಿ ಗ್ರಿಸೆಲ್ದಾ ಬಾರಿಯೋಸ್.
ರಾತ್ರಿ ಒಂಬತ್ತರ ಧಾರಾವಾಹಿಯಲ್ಲಿ
ಹಡಗು ಹತ್ತಿ ಹೋದ ಗಂಡನಿಗೆ ನಾಲ್ಕು ವರ್ಷ ಕಾದು
ದೇಶದ ಕರವಸ್ತ್ರವನ್ನೆಲ್ಲ ತೋಯಿಸಿದವಳು.
ಅವಳ ನಿಜದ ಗಂಡ ಬ್ಯೂನಸ್ ಐರಿಸಿನಲ್ಲಿ.
ಹಾಗಾದರೆ ಇಲ್ಲಿ ಯಾರು?
ಆ ವಾರವೇ ಬ್ರೆಡ್ಡಿನ ಬೆಲೆ ಏರಿತ್ತು.
ಅದನ್ನು ಯಾರೂ ಕೇಳಲಿಲ್ಲ.

ಹಿಂಬಾಗಿಲಲ್ಲಿ ಅಡ್ಡ ನಿಂತವನ ಹೆಸರು ಫಾಬ್ರಿಸಿಯೊ,
ಬರಲೋ ಬೇಡವೋ ಎಂಬಂಥ ಮೀಸೆ.
'ಅಮ್ಮಾ, ಒಂದೇ ಒಂದು ಮಾತು.
ಮೇಲಿನಿಂದ ಬಂದ ಕೊಳೆಬಟ್ಟೆಯಲ್ಲಿ
ದಿಂಬಿನ ಚೀಲ ಎಷ್ಟು? ಒಂದೋ, ಎರಡೋ?'
ಅಂಗೈಯಲ್ಲಿ ಮಡಚಿದ ನೋಟು,
ನನ್ನ ಎರಡು ತಿಂಗಳ ಬಾಡಿಗೆ.

ನಾನೇನು ಸಾಧ್ವಿಯಲ್ಲ.
ಯಂತ್ರಕ್ಕೆ ಹಾಕುವ ಮುಂಚೆ ಆ ಚೀಲಗಳನ್ನು
ದೀಪಕ್ಕೆ ಹಿಡಿದು ನೋಡಿದ್ದೆ,
ಮೂಗಿನ ಹತ್ತಿರ ತಂದಿದ್ದೆ,
ಬಾಗಿಲಲ್ಲಿ ಯಾರಿಲ್ಲವಷ್ಟೆ ಎಂದು ತಿರುಗಿಯೂ ನೋಡಿದ್ದೆ.
ಏನು ಕಂಡಿತು?
ನಿಮಗೂ ಬೇಕಲ್ಲವೇ.
ಇರಲಿ, ಅದು ನೀರಿಗೆ ಹೋಯಿತು.

ಲಿಸಾಂದ್ರೊ ನನ್ನನ್ನು ಬಿಟ್ಟುಹೋದ ಚಳಿಗಾಲ
ಅಂಗಳದ ತಂತಿಯ ಮೇಲೆ ಗಂಡಸಿನ ಅಂಗಿ ಇಲ್ಲವೆಂದು
ಮೊದಲು ಎಣಿಸಿದವಳು ಹೆರ್ಮೀನಿಯಾ.
ಎರಡನೆಯ ವಾರ ಸಾರು ಹಿಡಿದು ಬಂದಳು,
ಸಾರಿನ ಜೊತೆ ಕಣ್ಣು.
ಮೂರನೆಯ ವಾರದಿಂದ ನಾನು ಪ್ರತಿ ಸೋಮವಾರ
ಅವನು ಮರೆತುಹೋದ ಚೌಕಳಿ ಅಂಗಿಯನ್ನು
ಕೊಳೆಯಾಗದಿದ್ದರೂ ಒಗೆದು ಹಾಕುತ್ತಿದ್ದೆ.
ಒಂದು ವರ್ಷ ಒಗೆದೆ.
ಬಣ್ಣ ಹೋಯಿತು, ಕಾಲರು ಹರಿಯಿತು,
ಯಾರೂ ಉಡದೆ ಒಂದು ಅಂಗಿ ಸವೆದುಹೋಯಿತು
ಬರೀ ಬೀದಿಯ ಕಣ್ಣಿಗೆ.

ಫಾಬ್ರಿಸಿಯೊಗೆ ಹೇಳಿದೆ:
'ಈ ಹೋಟೆಲಿನಲ್ಲಿ ಪ್ರತಿ ಮಂಚಕ್ಕೂ ನಾಲ್ಕು ದಿಂಬು, ಮಗಾ.
ಒಬ್ಬನೇ ಪಾದ್ರಿ ಬಂದು ಮಲಗಿದರೂ ನಾಲ್ಕೇ.'
ನೋಟು ಮುಟ್ಟಲಿಲ್ಲ.
ಮುಟ್ಟಬಹುದಿತ್ತೆಂದು ಈಗಲೂ ಬಾಡಿಗೆಯ ದಿನ ಅನಿಸುತ್ತದೆ.

ಶುಕ್ರವಾರದ ಪತ್ರಿಕೆಯ ಮುಖಪುಟ:
ನಾಲ್ಕು ದಿಂಬು!
ಒಳಗೆ ಮಂಚದ ನಕ್ಷೆ, ಬಾಣದ ಗುರುತು.
ಪಾದ್ರಿಯ ಸುದ್ದಿಯೂ ಸೇರಿಕೊಂಡಿತ್ತು,
ಯಾವ ಪಾದ್ರಿ ಎಂದು ಮುಂದಿನ ವಾರ.

ಕೂದಲಂಗಡಿಯಲ್ಲಿ, ಬಿಸಿಗಾಳಿಯ ಗುಮ್ಮಟದ ಕೆಳಗೆ,
ನಾಲ್ಕಂತೆ, ನಾಲ್ಕು, ಎಂದು ಹೆಂಗಸರು
ಬಾಯಿಗೆ ಕೈ ಇಟ್ಟು, ಬೆರಳ ಸಂದಿಯಿಂದ ನಕ್ಕರು.
ನನ್ನ ಸರದಿ ಬಂದಾಗ ಪತ್ರಿಕೆ ನಾನೂ ತೆಗೆದುಕೊಂಡೆ.
ಗೊತ್ತಿದ್ದೂ ಪುಟ ತಿರುವಿದೆ.

ಒಂಬತ್ತನೆಯ ಪುಟದಲ್ಲಿ ಕಾರಿನ ಹಿಂದಿನ ಸೀಟು.
ಗಾಜಿನ ಆಚೆ ಅವಳು,
ಮುಖದ ಮೇಲೆ ಬಿಳಿ ಟವೆಲು.
ಅಂಚಿನಲ್ಲಿ, ಕಣ್ಣಿಗೆ ಹತ್ತಿರ ಹಿಡಿದರೆ ಕಾಣುವಂತೆ,
ಹರಿದಲ್ಲಿ ನೀಲಿ ದಾರದ ಹೊಲಿಗೆ.
ಬಿಳಿ ಮುಗಿದಿತ್ತೆಂದು ಹೋದ ಮಾರ್ಚಿನಲ್ಲಿ
ನಾನೇ ಹಾಕಿದ್ದು.

ಸ್ಟೋರಿನ ಪುಸ್ತಕದಲ್ಲಿ ಬರೆದಿಟ್ಟಿದ್ದೆ:
ನಾನೂರ ಎರಡು, ಟವೆಲು, ಒಂದು ಕಡಿಮೆ.
ಮರುದಿನ ಬೆಳಿಗ್ಗೆ ಹೋಗಿ
ಆ ಸಾಲು ಹೊಡೆದುಹಾಕಿದೆ.