ಹನ್ನೆರಡು ಮೊಲಗಳ ಎಡಗಾಲು

ಮೊದಲ ಸಲ ಫೈಲು ತೆರೆದಾಗ
ದೇಚವ್ವ ಅಂಗಾತ ಮಲಗಿದ್ದಳು,
ಮಲಗಿಕೊಂಡೇ ತಾಳ ತಟ್ಟುತ್ತಿದ್ದಳು.
ಗಾಬರಿಯಾಗಲಿಲ್ಲ, ಇದು ಮಾಮೂಲು:
ಒಂದು ತಂತ್ರಾಂಶಕ್ಕೆ ಮೇಲೆಂದರೆ ವೈ,
ಇನ್ನೊಂದಕ್ಕೆ ಝಡ್.
ತೊಂಬತ್ತು ಡಿಗ್ರಿ ತಿರುಗಿಸಿ ಎಬ್ಬಿಸಿದೆ.
ಎದ್ದವಳು ನೂರು ಪಟ್ಟು ಬೆಳೆದಿದ್ದಳು,
ಪರದೆ ತುಂಬ ಹಿಮ್ಮಡಿಯೊಂದೇ.
ಸೆಂಟಿಮೀಟರನ್ನು ಮೀಟರೆಂದು ಓದಿಕೊಂಡಿದೆ ಪೆದ್ದು ಯಂತ್ರ.
ಎರಡು ಸೊನ್ನೆ ಅಳಿಸಿದೆ.
ಈಗ ಸರಿ: ಐದಡಿ ಒಂದಿಂಚು.

ವಿರಾಜಪೇಟೆ, ಗಡಿಯಾರ ಕಂಬದ ಹಿಂದೆ
ಮೆಣಸಿನ ಮಂಡಿ; ಅದರ ಮಾಳಿಗೆಯಲ್ಲಿ ನಾನು.
ಕೆಳಗೆ ಮೆಣಸು ಜರಡಿ ಹಿಡಿಯುತ್ತಾರೆ,
ಮೇಲೆ ನಾನು ಫ್ರೇಮು.
ಸೆಕೆಂಡಿಗೆ ನೂರಿಪ್ಪತ್ತು ಬರುತ್ತವೆ,
ಇಪ್ಪತ್ನಾಲ್ಕು ಸಾಕು ಎಂದಿದ್ದಾನೆ ಗಿರಾಕಿ.
ಐದರಲ್ಲೊಂದನ್ನು ಇಟ್ಟುಕೊಂಡು
ನಾಲ್ಕು ದೇಚವ್ವಂದಿರನ್ನು ಚೆಲ್ಲಬೇಕು.
ಪೊಳ್ಳು ಮೆಣಸಿಗಾದರೂ ಕೆಳಗೆ ಒಂದು ದರವುಂಟು.

ರೆಕಾರ್ಡು ಮಾಡಿದ್ದು ನೌಫಲ್, ಶಾಲೆಯ ಹಾಲಿನಲ್ಲಿ,
ಹದಿನೇಳು ಸೆನ್ಸರು ಪಟ್ಟಿಯಲ್ಲಿ ಬಿಗಿದು.
ಸೀರೆ ಬೇಡ ಅಂದಿದ್ದ.
ಮೊಮ್ಮಗನ ಟ್ರ್ಯಾಕ್ ಪ್ಯಾಂಟು ತೊಟ್ಟು ಬಂದಳಂತೆ,
ಇಲ್ಲಿ ಕನ್ನಡಿ ಇಲ್ಲ ತಾನೇ ಎಂದು ಎರಡು ಸಲ ಕೇಳಿ.
ಇದ್ದದ್ದು ಒಂದೇ ಸೂಟು.
ಉಮ್ಮತ್ತಾಟ್‌ಗೆ ಒಬ್ಬಳು ಸಾಕೇ?
ಒಬ್ಬಳೇ ಕುಣಿದಳು,
ಹನ್ನೊಂದು ಜನಕ್ಕೆ ಜಾಗ ಬಿಟ್ಟು,
ನಡುವಿನ ದೀಪಕ್ಕೆ ಬೆನ್ನು ಹಾಕದೆ.
(ದೀಪವಿರಲಿಲ್ಲ. ಪ್ಲಾಸ್ಟಿಕ್ ಕುರ್ಚಿಯೊಂದಿತ್ತು.)

ಆದರೆ ವೃತ್ತ ಕೂಡಲಿಲ್ಲ.
ನೆಲದೊಳಗಿನ ಕಬ್ಬಿಣಕ್ಕೆ ಸೆನ್ಸರಿಗೆ ಉತ್ತರ ದಿಕ್ಕು ಮರೆತು
ಮೂರು ನಿಮಿಷದಲ್ಲಿ ದೇಚವ್ವ
ಗೋಡೆಯೊಳಗೆ ನುಗ್ಗಿ
ಗೋಣಿಕೊಪ್ಪದ ಕಡೆ ಎರಡು ಗಜ ಹೊರಟುಹೋಗಿದ್ದಳು.
ಅಂಗುಲಂಗುಲವಾಗಿ ಎಳೆದು ತಂದೆ.

ಆಮೇಲೆ ಎಡಗಾಲು.
ಬಲದ್ದು ತಾಳಕ್ಕೆ ಸರಿಯಾಗಿ ಬೀಳುತ್ತದೆ,
ಎಡದ್ದು ಒಂಬತ್ತು ಫ್ರೇಮು ತಡ,
ಪ್ರತಿ ಸಲವೂ ಒಂಬತ್ತು.
ಕೆಂಪು ಗೆರೆ ಎಳೆದು ಕೇಳಿತು ತಂತ್ರಾಂಶ: ದೋಷ. ನಯ ಮಾಡಲೇ?
ನಯ ಮಾಡಿ ನೋಡಿದೆ.
ಯಾರೋ ಚೆನ್ನಾಗಿ ಕುಣಿಯುತ್ತಿದ್ದರು.
ಹಿಂದಕ್ಕೆ ತಂದೆ.

ಎರಡು ಸಾವಿರದ ನಾನೂರ ಹನ್ನೊಂದರಲ್ಲಿ ಇನ್ನೊಂದು ದೋಷ:
ತಾಳದ ನಡುವೆ ಎಡಗೈ ಸುಮ್ಮನೆ
ಬಲಭುಜಕ್ಕೆ ಹೋಗಿ ಏನನ್ನೋ ಒತ್ತಿ ಬರುತ್ತದೆ.
ನೊಣವೇ? ಪಟ್ಟಿ ಸಡಿಲವೇ? ನೌಫಲ್‌ಗೂ ಗೊತ್ತಿಲ್ಲ.
ಕರೆಂಟು ಬಿಲ್ಲು ಕೊಡಲು ಮೇಲೆ ಬಂದ ಬೊಳ್ಳಮ್ಮ,
ಮಂಡಿಯ ಲೆಕ್ಕ ಬರೆಯುವವಳು,
ಪರದೆ ನೋಡಿ ತನ್ನ ಭುಜ ಮುಟ್ಟಿಕೊಂಡಳು.
‘ಸೆರಗಿನ ಗಂಟು. ಸಡಿಲ ಆಯ್ತಾ ಅಂತ.’
ಸೀರೆಯೇ ಉಟ್ಟಿರಲಿಲ್ಲವಲ್ಲ?
‘ಅದನ್ನ ಕೈಗೆ ಹೇಳಿದ್ರಾ?’

ಗಿರಾಕಿಗೆ ಬೇಕಾದದ್ದು ಮೊಲ.
ಮಕ್ಕಳ ಕುಣಿತದ ವಿಡಿಯೋ; ಹನ್ನೆರಡು ಮೊಲ,
ಮೋಟು ತೋಳು, ಸೊಂಟವೇ ಇಲ್ಲ.
ಇವಳ ಮೂಳೆಗೆ ಅದರ ಮೂಳೆ ಜೋಡಿಸುತ್ತ ಹೋದೆ.
ಕಿವಿಗೆ ಹೊಂದುವಂಥದ್ದು ದೇಚವ್ವನಲ್ಲಿ ಇರಲಿಲ್ಲ,
ಗಾಳಿಗೆ ಬಿಟ್ಟೆ.
ತಾಳಕ್ಕೆ ತಾಳ ತಾಗದೆ ಎರಡಂಗುಲ ಉಳಿಯಿತು,
ತಳ್ಳಿ ತಾಗಿಸಿದೆ.
ಒಂದರ ನಡೆಯನ್ನೇ ಹನ್ನೆರಡಕ್ಕೂ ಅಂಟಿಸಿದೆ.

ಕುಣಿದವು.
ಒಂಬತ್ತು ಜರಡಿಯಲ್ಲಿ ಎರಡಾಗಿ ಉಳಿದಿತ್ತು:
ಹನ್ನೆರಡು ಬಲಗಾಲು ತಾಳಕ್ಕೆ,
ಹನ್ನೆರಡು ಎಡಗಾಲು ಚೂರು ತಡೆದು.
ಒಮ್ಮೆಗೇ ಅಷ್ಟೂ ಮೊಲಗಳು ಭುಜ ಮುಟ್ಟಿ
ಇಲ್ಲದ ಗಂಟು ನೋಡಿಕೊಂಡವು.

ಕಾಕೋಟುಪರಂಬಿಗೆ ನೌಫಲ್ ಫೋನು ಒಯ್ದ.
ಕನ್ನಡಕ ಹಾಕಿ, ತೆಗೆದು, ಒರೆಸಿ, ಮತ್ತೆ ಹಾಕಿ ನೋಡಿದಳಂತೆ.
‘ಪಾಪ, ಮೊಲಕ್ಕೂ ಮಂಡಿನೋವಾ?’
ನಕ್ಕು ನಕ್ಕು ಸುಸ್ತಾಗಿ
ಆಮೇಲೆ ಕೇಳಿದಳಂತೆ, ನಡುವೆ ದೀಪ ಎಲ್ಲಿ?

ದೀಪಕ್ಕೆ ಗಿರಾಕಿ ದುಡ್ಡು ಕೊಟ್ಟಿರಲಿಲ್ಲ.
ಕುರ್ಚಿಯಿದ್ದ ಜಾಗ ಫೈಲಿನಲ್ಲಿ
ಇನ್ನೂ ಹಾಗೇ ಇತ್ತು, ಯಾರೂ ತುಳಿಯದೆ.