ಮಾದರಿ ನಲವತ್ತೊಂದು

ಸ್ಟೆಬಿಲೈಸರ್ ಸುಟ್ಟುಹೋದದ್ದು ಸೋಮವಾರ.
ಹೊಸದಕ್ಕೆ ಅರ್ಜಿ ಬರೆದೆ, ಮೂರು ಪ್ರತಿ.
ಪ್ರಾಂಶುಪಾಲರ ಮೇಜಿನ ಮೇಲೆ ಅದು ಇನ್ನೂ ಮಲಗಿದೆ.

ಮಂಗಳವಾರ ಕಾಯಲಾಗಲಿಲ್ಲ.
ಉಕ್ಕಿನ ತಗಡನ್ನು ಎಮೆರಿ ಕಾಗದದಲ್ಲಿ ಉಜ್ಜಿ,
ಆಮ್ಲದಲ್ಲೊಮ್ಮೆ, ನೀರಿನಲ್ಲೆರಡು ಸಲ ಅದ್ದಿ,
ನೀರು ಹನಿಯೊಡೆಯದೆ ಹಾಳೆಯಂತೆ ಇಳಿಯುವುದನ್ನು ನೋಡಿ
ಋಣದ ತಂತಿಗೆ ಕಟ್ಟಿ ಇಳಿಬಿಟ್ಟೆ
ಆ ಹಸಿರು ದ್ರಾವಣದೊಳಕ್ಕೆ:
ಸತು, ನಿಕ್ಕಲ್, ಒಂದಿಷ್ಟು ನವಸಾಗರ.

ಹಾಸನದ ಬಿ.ಎಂ. ರಸ್ತೆ. ನಮ್ಮ ಕಾಲೇಜಿನ ಹಿಂಗೋಡೆಗೆ
ಅಂಟಿಕೊಂಡೇ ಮಂಜಾಚಾರಿಯ ವೆಲ್ಡಿಂಗ್ ಅಂಗಡಿ.
ಅವನು ಅಲ್ಲಿ ಕಿಡಿ ಹಾರಿಸಿದರೆ
ಇಲ್ಲಿ ನನ್ನ ಅಮ್ಮೀಟರಿನ ಮುಳ್ಳು
ಬೇಲಿ ಮೇಲಿನ ಓತಿಕೇತದ ತಲೆ.
ಎರಡು ಸಲ ಕಿಟಕಿಯಿಂದ ಕೂಗಿದೆ,
“ಸ್ವಲ್ಪ ನಿಲ್ಸಿ, ನಲವತ್ತೇ ನಿಮಿಷ!”
ಮುಖವಾಡದೊಳಗಿನ ಮನುಷ್ಯನಿಗೆ ಏನು ಕೇಳೀತು.

ನೋಟ್‌ಬುಕ್ಕಿನಲ್ಲಿ ಬರೆದೆ:
ಮಾದರಿ ನಲವತ್ತೊಂದು, ವಿದ್ಯುತ್ ಅಸ್ಥಿರ, ತ್ಯಾಜ್ಯ.
ಬಿಸಾಡಲು ಮನಸ್ಸಾಗಲಿಲ್ಲ, ಒಂದು ಕೊಕ್ಕೆಯೂ ಖಾಲಿಯಿತ್ತು;
ಉಪ್ಪುಮಂಜಿನ ಪೆಟ್ಟಿಗೆಯಲ್ಲಿ ಉಳಿದವುಗಳ ಜೊತೆ ತೂಗುಹಾಕಿದೆ.
ಹಾಸನಕ್ಕೆ ಕಡಲು ದೂರ.
ಕಡಲನ್ನು ನಾವು ಡಬ್ಬಿಯಲ್ಲೇ ಮಾಡಿಕೊಳ್ಳುತ್ತೇವೆ,
ಲೀಟರಿಗೆ ಐವತ್ತು ಗ್ರಾಂ ಉಪ್ಪು.

ಒಂಬತ್ತನೆಯ ದಿನ ಒಳ್ಳೆಯವೆಲ್ಲ ಕೆಂಪಗೆ ಅತ್ತವು.
ನಲವತ್ತೊಂದು ಅಳಲಿಲ್ಲ.
ಇಪ್ಪತ್ತನೆಯ ದಿನವೂ.
ನಾಗವೇಣಿ ಮೇಡಂ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.
“ಒಂದು ಚೂರು ಕತ್ತರಿಸಿ ಮೈಸೂರಿಗೆ ಕಳಿಸು.”

ಸೂಕ್ಷ್ಮದರ್ಶಕದ ಚಿತ್ರ ಬಂತು:
ಕೂದಲಿಗಿಂತ ತೆಳುವಾದ ಲೇಪದೊಳಗೆ
ಚಿರೋಟಿಯ ಹಾಗೆ ಪದರ ಪದರ,
ಒಂದು ಮಸುಕು, ಒಂದು ಹೊಳಪು, ಮತ್ತೆ ಮಸುಕು.
ಪ್ರವಾಹ ಕುಸಿದಾಗೊಮ್ಮೊಮ್ಮೆ
ಲೋಹ ತನ್ನ ಪಾಕ ಬದಲಿಸಿ ಒಂದು ಗೆರೆ ಎಳೆದುಕೊಂಡಿದೆ.
ತುಕ್ಕು ಒಂದು ಪದರ ಕೊರೆದು ಬಂದರೆ
ಮುಂದಿನ ಗೆರೆಯಲ್ಲಿ ದಾರಿ ತಪ್ಪಿ ಅಡ್ಡಡ್ಡ ಅಲೆಯುತ್ತದೆ.
ಎಣಿಸಿದೆ. ಇಪ್ಪತ್ತೆಂಟು.
ಮತ್ತೆ ಎಣಿಸಿದೆ.

ಗೋಡೆ ಸುತ್ತಿ ಅಂಗಡಿಗೆ ಹೋದೆ.
“ಆವತ್ತು ಮಂಗಳವಾರ, ಏಳನೇ ತಾರೀಕು, ಏನ್ ಮಾಡ್ತಿದ್ರಿ?”
ಬೈಯಲು ಬಂದೆನೆಂದುಕೊಂಡು ಎದ್ದು ನಿಂತ.
ಎಣ್ಣೆ ಕುಡಿದ ಬಿಲ್ ಪುಸ್ತಕ ತಿರುವಿದ.
“ಗೇಟು ಮೇಡಂ. ಡೈರಿ ಸರ್ಕಲ್ ಹತ್ರ ಒಂದು ಮನೇದು.
ಹದಿನಾಲ್ಕು ಸರಳು.
ಮೇಲೊಂದು ಟಾಕು, ಕೆಳಗೊಂದು.”

ಲೇಖನದಲ್ಲಿ ಬರೆದದ್ದು ಬೇರೆ:
ಆವರ್ತಕ ಪ್ರವಾಹದಿಂದ ಬಹುಪದರ ಮಿಶ್ರಲೋಹ ಲೇಪನ.
ಕೃತಜ್ಞತೆಯ ಸಾಲಿಗೆ ಮಂಜಾಚಾರಿಯ ಹೆಸರು ಸೇರಿಸಿದ್ದೆ.
ಸಂಪಾದಕರು ಕೇಳಿ ಕಳಿಸಿದರು: ಇವರು ಯಾವ ವಿಭಾಗ?
ಋಣ ವಿಭಾಗ ಎನ್ನಬಹುದಿತ್ತು.
ಗೋಡೆಯಾಚೆ ಎಂದು ಬರೆದೆ. ಅವರು ತೆಗೆದುಹಾಕಿದರು.

ಮೊನ್ನೆ ಡೈರಿ ಸರ್ಕಲ್ ಕಡೆ ಹೋದವಳು
ಆ ಗೇಟಿನ ಮುಂದೆ ಸ್ಕೂಟರ್ ನಿಲ್ಲಿಸಿದೆ.
ಹಸಿರು ಬಣ್ಣ ಬಳಿದಿದ್ದಾರೆ, ದಪ್ಪಗೆ.
ಬಲದಿಂದ ಮೂರನೆಯ ಸರಳಿನ ಬುಡದಲ್ಲಿ
ಆಗಲೇ ತುಕ್ಕು.
ಬಗ್ಗಿ ಉಗುರಿನಿಂದ ಕೆರೆದು ನೋಡುತ್ತಿದ್ದೆ,
ಒಳಗಿಂದ ನಾಯಿ ಬೊಗಳಿತು.